ನೋಟಿಸಿನಲ್ಲಿ ‘ಉದ್ಧಟತನ’ ಎಂದು ಬರೆದವಳು

ಮಕ್ಕಳ ಹಾಸ್ಟೆಲುಗಳನ್ನು ನೋಡಿಕೊಳ್ಳುವ ಒಂದು ಇಲಾಖೆಯಲ್ಲಿ ನಾನು ಮೂವತ್ತನಾಲ್ಕು ವರ್ಷ ಗುಮಾಸ್ತೆಯಾಗಿದ್ದೆ. ಇಲಾಖೆಯ ಹೆಸರು ಇಲ್ಲಿ ಬೇಡ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಕೊನೆಗೆ ಹಾಸನ. ಯಾವಾಗ ಯಾವ ಕುರ್ಚಿಗೆ ಏರಿದೆ ಎಂಬುದನ್ನು ಬರೆಯಲು ನನಗೇ ಬೇಸರ, ಓದುವವರಿಗೆ ಇನ್ನೂ ಬೇಸರ. ಕುರ್ಚಿ ಬದಲಾದರೂ ಕೆಲಸ ಬದಲಾಗಲಿಲ್ಲ. ಎಲ್ಲೋ ಇಬ್ಬರು ಮನುಷ್ಯರ ನಡುವೆ ಮಾತಿಗೆ ಮಾತು ಬೆಳೆಯುತ್ತಿತ್ತು. ಅವರಲ್ಲಿ ಮೇಲಿನವರು ಆಫೀಸಿಗೆ ಬಂದು ಹೇಳುತ್ತಿದ್ದರು. ನಾನು ಅದನ್ನು ಕಾಗದದ ಭಾಷೆಗೆ ತಿರುಗಿಸಿ, ಕೆಳಗಿನವರಿಗೆ ಕಾರಣ ಕೇಳುವ ನೋಟಿಸು ಮಾಡುತ್ತಿದ್ದೆ. ಏಳು ದಿನದೊಳಗೆ ಉತ್ತರ ಕೊಡಿ, ಇಲ್ಲದಿದ್ದರೆ ನಿಮ್ಮದು ಹೇಳುವುದೇನೂ ಇಲ್ಲವೆಂದು ಭಾವಿಸಲಾಗುವುದು. ಈ ಸಾಲನ್ನು ನಿದ್ದೆಗಣ್ಣಿನಲ್ಲೂ ಬರೆಯುತ್ತಿದ್ದೆ.

ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಿಯಮಾವಳಿಯ ಪುಸ್ತಕ ಕೊಡುತ್ತಾರೆ. ಪದಗಳ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಒಂದೇ ಒಂದು ಪದದಿಂದ ನಾನು ಏನೇನು ಮಾಡಿದೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಆ ಪದ ‘ಉದ್ಧಟತನ’.

ನಾನು ಅದನ್ನು ಕಲಿತದ್ದೇ ತಪ್ಪು ಮಾಡಿ. ಚನ್ನರಾಯಪಟ್ಟಣದಲ್ಲಿ ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ನಮ್ಮ ತಾಲ್ಲೂಕಿನ ಅಧಿಕಾರಿಗಳು ನಿವೃತ್ತರಾಗುತ್ತಿದ್ದರು. ನನ್ನ ಅಕ್ಷರ ದುಂಡಗಿದೆ ಎಂದು ಮಾನಪತ್ರ ಬರೆಯುವ ಕೆಲಸವನ್ನು ನನಗೆ ಹಚ್ಚಿದರು. ನಾನು ಉತ್ಸಾಹದಿಂದ ದೊಡ್ಡ ದೊಡ್ಡ ಪದಗಳನ್ನೆಲ್ಲ ಹುಡುಕಿ ಪೋಣಿಸಿದೆ. ‘ಉದ್ದಾಮ ಪಂಡಿತರು’ ಎಂದು ಎಲ್ಲೋ ಓದಿದ್ದು ಅರೆಬರೆ ನೆನಪಿತ್ತು. ‘ಉದ್ಧಟ ಆಡಳಿತಗಾರರೂ, ಸರಳ ಸಜ್ಜನರೂ ಆದ ತಮಗೆ’ ಎಂದು ಬರೆದೆ. ಬಣ್ಣದ ಶಾಯಿಯಲ್ಲಿ ಸುತ್ತ ಬಳ್ಳಿ ಬಿಡಿಸಿ ಚೌಕಟ್ಟು ಹಾಕಿಸಿದೆವು. ಸಮಾರಂಭದಲ್ಲಿ ಹೈಸ್ಕೂಲಿನ ಮೇಷ್ಟ್ರೊಬ್ಬರು ಅದನ್ನು ಮೈಕಿನಲ್ಲಿ ಓದಿದರು. ಆ ಸಾಲಿಗೆ ಬಂದಾಗ ಅವರ ದನಿ ಒಂದು ಕ್ಷಣ ತಡವರಿಸಿತು. ಆದರೂ ಇದ್ದದ್ದನ್ನು ಇದ್ದ ಹಾಗೆ ಓದಿಬಿಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಗಳು ಮಾತ್ರ ಕೈ ಮುಗಿದು ನಗುತ್ತಲೇ ಇದ್ದರು.

ಮರುದಿನ ನಮ್ಮ ಸೂಪರಿಂಟೆಂಡೆಂಟ್ ಶಿವಲಿಂಗಪ್ಪನವರು ನನ್ನನ್ನು ಕರೆದರು. ಅವರು ಸಂಸ್ಕೃತ ಓದಿಕೊಂಡಿದ್ದ ಹಳೆಯ ಕಾಲದ ಮನುಷ್ಯ. ಬೈಯುತ್ತಾರೆ ಎಂದುಕೊಂಡು ಹೋದರೆ ಕುರ್ಚಿ ತೋರಿಸಿದರು.

“ಗಿರಿಜಮ್ಮ, ಉದ್ದಾಮ ಅಂದ್ರೆ ದೊಡ್ಡವನು. ಉದ್ಧಟ ಅಂದ್ರೆ ದೊಡ್ಡವನ ಮುಂದೆ ತಾನೂ ದೊಡ್ಡವನು ಅಂತ ಎಗರಾಡೋನು. ಪಾಪ, ಆ ಮನುಷ್ಯ ಮೂವತ್ತು ವರ್ಷ ಯಾರಿಗೂ ಎದುರು ಮಾತಾಡ್ದೆ ಬದುಕಿದ್ದ. ಕೊನೇ ದಿನ ನೀನು ಉದ್ಧಟ ಅಂತ ಚೌಕಟ್ಟು ಹಾಕಿ ಕೊಟ್ಟೆ.”

“ಧೈರ್ಯವಂತ ಅಂತ ಅರ್ಥ ಬರಲ್ವಾ ಸಾರ್?”

“ಧೈರ್ಯ ಇರುತ್ತೆ, ಮರ್ಯಾದೆ ಇರಲ್ಲ. ಎದುರಿಗಿರೋನಿಗೆ ಅವಮಾನ ಆಗ್ಲಿ ಅಂತಾನೇ ತೋರ್ಸೋ ಧೈರ್ಯ ಅದು. ನಾಳೆ ನೀನು ಬಂದು ‘ನಿಮ್ಮ ಟಿಪ್ಪಣಿ ತಪ್ಪು ಸಾರ್’ ಅಂದ್ರೆ ಅದು ಉದ್ಧಟತನ ಅಲ್ಲ. ತಪ್ಪು ಅಂದು ನನ್ನ ಮೇಜಿನ ಮೇಲೆ ಕಾಲು ಚಾಚಿ ಕೂತ್ರೆ, ಅದು. ಎರಡಕ್ಕೂ ವ್ಯತ್ಯಾಸ ಗೊತ್ತಾಗ್ಬೇಕಾದ್ರೆ ಅವನು ಏನಂದ, ಹೇಗಂದ, ಯಾಕಂದ, ಮೂರನ್ನೂ ಕೇಳ್ಬೇಕು. ಕೇಳ್ದೆ ಆ ಪದ ಬರೀಬೇಡ.”

ಅವರು ಹೇಳಿದ್ದರಲ್ಲಿ ಮೊದಲಿನ ಅರ್ಧ ನನಗೆ ಉಳಿಯಿತು. ಪದ ಬಹಳ ಹಿಡಿಸಿತು. ನಮ್ಮ ಮನೆಯಲ್ಲಿ, ಬೀದಿಯಲ್ಲಿ ಇದಕ್ಕೆ ಬೇಕಾದಷ್ಟು ಮಾತುಗಳಿದ್ದವು. ಮಕ್ಕಳು ಮಾಡಿದರೆ ತಲೆಹರಟೆ. ಕೇಳದೆ ನಡುವೆ ಬಾಯಿ ಹಾಕಿದರೆ ಅಧಿಕಪ್ರಸಂಗ. ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳದಿದ್ದರೆ ಉಡಾಫೆ. ಮಾತೇ ಆಡದೆ ಮುಖ ತಿರುಗಿಸಿದರೆ ಧಿಮಾಕು. ಇವುಗಳಲ್ಲಿ ಯಾವುದನ್ನೂ ನೋಟಿಸಿನಲ್ಲಿ ಬರೆಯಲಾಗುವುದಿಲ್ಲ, ನಗುತ್ತಾರೆ. ಉದ್ಧಟತನ ಎಂದು ಬರೆದರೆ ಯಾರೂ ನಗುವುದಿಲ್ಲ. ಓದಿದವನು ಬೆವರುತ್ತಾನೆ. ಅಷ್ಟು ಗತ್ತಿನ ಪದ ಕೈಗೆ ಸಿಕ್ಕಿತು ಎಂದು ಆ ವಯಸ್ಸಿನಲ್ಲಿ ನನಗೆ ಖುಷಿ.

ಹೊಳೆನರಸೀಪುರದಲ್ಲಿದ್ದಾಗ ಒಂದು ಸಲ ಅದನ್ನು ಸರಿಯಾದ ಜಾಗದಲ್ಲೇ ಬರೆದೆ. ಅಲ್ಲಿನ ಒಬ್ಬ ವಾರ್ಡನ್ನು, ಚಳಿಗಾಲಕ್ಕೆಂದು ಬಂದ ಕಂಬಳಿಗಳನ್ನು ಹಂಚದೆ ತನ್ನ ಕೋಣೆಯಲ್ಲಿ ಪೇರಿಸಿಟ್ಟುಕೊಂಡಿದ್ದ. ಹಳ್ಳಿಯಿಂದ ಒಬ್ಬ ತಂದೆ ಬಂದು ಬಾಗಿಲಲ್ಲಿ ನಿಂತು, “ಸಾ, ಮಕ್ಳು ಚಳಿಗೆ ನಡುಗ್ತವೆ, ಕಂಬ್ಳಿ ಬಂದವಂತಲ್ಲ” ಎಂದು ಕೇಳಿದ್ದಾನೆ. ವಾರ್ಡನ್ನು ಆ ಕಂಬಳಿಗಳ ಮೇಲೇ ಮಲಗಿದ್ದವನು ಏಳದೆ, “ನಿಮ್ಮಪ್ಪನ ಮನೆಯಿಂದ ಬಂದವೇನಯ್ಯಾ? ಕೊಡೋವಾಗ ಕೊಡ್ತೀನಿ, ನಡಿ” ಎಂದಿದ್ದಾನೆ. ಆ ತಂದೆ ನಮ್ಮ ಆಫೀಸಿಗೆ ಬಂದು ಅರ್ಜಿ ಕೊಟ್ಟ. ನಾನು ನೋಟಿಸಿನ ಕರಡಿನಲ್ಲಿ ‘ಪೋಷಕರೊಂದಿಗೆ ಉದ್ಧಟತನದಿಂದ ವರ್ತಿಸಿರುತ್ತೀರಿ’ ಎಂದು ಬರೆದು ಅಧಿಕಾರಿಗಳ ಮುಂದಿಟ್ಟೆ. ಅವರು ಆ ಪದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದರು.

“ಇದು ಬೇಡಮ್ಮ. ‘ಸೌಜನ್ಯದ ಕೊರತೆ’ ಅಂತ ಹಾಕಿ.”

“ಮಲಗಿಕೊಂಡೇ ಮಾತಾಡಿದ್ದಾರೆ ಸಾರ್.”

“ಆತ ವಾರ್ಡನ್ ಕಣಮ್ಮ. ಬಂದಿದ್ದೋನು ಯಾರು?”

ಬಂದಿದ್ದವನು ಯಾರೂ ಅಲ್ಲ. ಸೌಜನ್ಯದ ಕೊರತೆ ಎಂದು ತಿದ್ದಿದೆ. ಆ ಪದ ಕೆಳಗಿನಿಂದ ಮೇಲಕ್ಕೆ ಮಾತಾಡಿದವರಿಗೆ ಮಾತ್ರ ಎಂದು ಅವತ್ತು ಅರ್ಥವಾಯಿತು. ಅರ್ಥವಾದದ್ದಕ್ಕೆ ಬೇಜಾರಾಗಬೇಕಿತ್ತು. ನಾನು ಅದನ್ನೊಂದು ಕಚೇರಿಯ ಪದ್ಧತಿ ಎಂದು ತಲೆಯಲ್ಲಿಟ್ಟುಕೊಂಡೆ, ಅಷ್ಟೆ.

ಮುಂದೆ ಅರಕಲಗೂಡಿಗೆ ವರ್ಗವಾಯಿತು. ಅಲ್ಲಿ ನಡೆದದ್ದನ್ನು ಹೇಳುವುದಕ್ಕೇ ಇಷ್ಟು ಬರೆದದ್ದು.

ಮಲ್ಲಿಪಟ್ಟಣದ ಕಡೆಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ದ್ಯಾವಮ್ಮ ಎಂಬ ಅಡುಗೆಯವರಿದ್ದರು. ದ್ಯಾವಮ್ಮ ಎಂಬುದು ನಾನಿಟ್ಟ ಹೆಸರು; ಬೇರೆ ಹೆಸರು ಹಾಕಬೇಕೆಂದು ಅವರೇ ಹೇಳಿದ್ದಾರೆ. ಆಗ ನಲವತ್ತರ ಆಸುಪಾಸು. ಗಂಡ ಇರಲಿಲ್ಲ, ಒಬ್ಬ ಮಗ. ಹನ್ನೊಂದು ವರ್ಷದಿಂದ ದಿನಗೂಲಿಯ ಮೇಲೆ ಅಡುಗೆ ಮಾಡುತ್ತಿದ್ದರು. ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ತಯಾರಾಗುತ್ತಿದ್ದ ಸಮಯ ಅದು. ಪಟ್ಟಿಯ ಕರಡನ್ನು ನಾನೇ ಬರೆದಿದ್ದರಿಂದ ಅವರ ಹೆಸರು ಅದರಲ್ಲಿ ಇತ್ತೆಂದು ನನಗೆ ಗೊತ್ತು.

ಒಂದು ಮಧ್ಯಾಹ್ನ ನಮ್ಮ ಸಾಹೇಬರು ಆ ಹಾಸ್ಟೆಲಿನ ತಪಾಸಣೆಗೆ ಹೋಗಿ ಮುಖ ಕೆಂಪಗೆ ಮಾಡಿಕೊಂಡು ವಾಪಸು ಬಂದರು. ಜೀಪು ಇಳಿದವರೇ ನನ್ನ ಮೇಜಿನ ಬಳಿ ನಿಂತು, “ಆ ಅಡುಗೆಯವಳಿಗೆ ಇವತ್ತೇ ಒಂದು ನೋಟಿಸು ಹೋಗ್ಬೇಕು. ನಾಲಗೆ ಉದ್ದ ಆಗಿದೆ ಅವಳಿಗೆ. ಮಕ್ಕಳ ಮುಂದೆ ನನ್ನ ಮರ್ಯಾದೆ ತೆಗೆದ್ಲು” ಎಂದರು. ಅವರು ಕೆಟ್ಟವರಾಗಿರಲಿಲ್ಲ. ಹೊಟ್ಟೆಯ ಹುಣ್ಣಿನಿಂದ ನರಳುತ್ತಿದ್ದ, ಬೇಗ ರೇಗುತ್ತಿದ್ದ ಮನುಷ್ಯ. ಅವಳು ಏನಂದಳು ಎಂದು ನಾನು ಕೇಳಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಟೈಪ್‌ರೈಟರಿಗೆ ಕಾರ್ಬನ್ ಹಾಳೆ ಸಿಕ್ಕಿಸಿ ಬರೆದೆ: ‘ತಪಾಸಣೆಗೆ ಆಗಮಿಸಿದ್ದ ಮೇಲಧಿಕಾರಿಗಳೊಂದಿಗೆ, ಸ್ಥಾನಮಾನದ ಪರಿವೆಯಿಲ್ಲದೆ, ವಿದ್ಯಾರ್ಥಿನಿಯರ ಸಮ್ಮುಖದಲ್ಲಿ ಉದ್ಧಟತನದಿಂದ ವರ್ತಿಸಿ ಕಚೇರಿಯ ಘನತೆಗೆ ಧಕ್ಕೆ ತಂದಿರುತ್ತೀರಿ.’ ಒಂದೇ ಏಟಿಗೆ, ಒಂದೂ ಚಿತ್ತಿಲ್ಲದೆ ಬಂತು. ಸಾಹೇಬರು ಓದಿ, “ಭಾಷೆ ಅಂದ್ರೆ ಇದು ಕಣಮ್ಮ” ಎಂದು ರುಜು ಹಾಕಿದರು. ನನಗೆ ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಬಸ್ಸಿನಲ್ಲಿ ಕೂತು ಆ ಸಾಲನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡೆ.

ನಾಲ್ಕನೆಯ ದಿನ ದ್ಯಾವಮ್ಮ ಆಫೀಸಿಗೆ ಬಂದರು. ತಮ್ಮ ಹೆಸರು ಬರೆಯುವುದನ್ನು ಬಿಟ್ಟರೆ ಅವರಿಗೆ ಓದುಬರಹ ಇರಲಿಲ್ಲ. ಗಂಡಸರ ಮೇಜುಗಳನ್ನೆಲ್ಲ ದಾಟಿ, ಇದ್ದ ಒಬ್ಬಳೇ ಹೆಂಗಸು ಎಂದು ನೇರವಾಗಿ ನನ್ನ ಬಳಿಗೆ ಬಂದು ನೋಟಿಸನ್ನು ಮೇಜಿನ ಮೇಲಿಟ್ಟರು.

“ಅಮ್ಮಾವ್ರೆ, ಇದ ವಸಿ ಓದಿ ಏಳಿ. ವಾರ್ಡನ್ ಮೇಡಮ್ಮ ‘ನಿನ್ ಕೆಲ್ಸ ಓಯ್ತು’ ಅಂದ್ರು, ಏನ್ ಬರ್ದವ್ರೆ ಅಂತ ಏಳ್ನಿಲ್ಲ.”

ನಾನು ಬರೆದದ್ದನ್ನು ನಾನೇ ಅವರಿಗೆ ಓದಿದೆ. ಬರೆಯುವಾಗ ಸರಾಗವಾಗಿದ್ದ ಸಾಲನ್ನು ತಡೆತಡೆದು ಓದಬೇಕಾಯಿತು. ಅವರು ತಲೆ ಬಗ್ಗಿಸಿ ಪೂರ್ತಿ ಕೇಳಿಸಿಕೊಂಡರು.

“ಉದ್ಧಟತನ ಅಂದ್ರೇನು ತಾಯಿ?”

“ಅಂದ್ರೆ… ದೊಡ್ಡೋರಿಗೆ ಮರ್ಯಾದೆ ಇಲ್ಲದೆ ಎದುರು ಮಾತಾಡೋದು.”

“ನಾನು ಮರ್ವಾದೆ ತಪ್ಪಿಲ್ಲ ಕಣ್ರವ್ವ. ಸಾ ಅಂದೇ ಮಾತಾಡ್ದೆ.”

ಆಮೇಲೆ ನಡೆದದ್ದನ್ನು ಹೇಳಿದರು. ಎರಡು ವಾರದಿಂದ ಬರುತ್ತಿದ್ದ ಅಕ್ಕಿಯಲ್ಲಿ ಹುಳ. ಎಷ್ಟು ಕೇರಿದರೂ, ತೊಳೆದರೂ ಹೋಗುತ್ತಿರಲಿಲ್ಲ. ವಾರ್ಡನ್ನಿಗೆ ಮೂರು ಸಲ ಹೇಳಿದ್ದರು. ಇಬ್ಬರು ಹುಡುಗಿಯರಿಗೆ ವಾಂತಿಯಾಗಿತ್ತು. ಅವತ್ತು ಸಾಹೇಬರು ಊಟದ ಹೊತ್ತಿಗೆ ಬಂದು, ಮಕ್ಕಳು ಅನ್ನವನ್ನು ತಟ್ಟೆಯ ಅಂಚಿಗೆ ತಳ್ಳಿ ಕೂತಿದ್ದನ್ನು ಕಂಡು, “ಏನಮ್ಮಾ, ಅಡುಗೆ ಮಾಡೋಕೆ ಬರಲ್ವಾ ನಿನಗೆ? ಸರ್ಕಾರದ ಅಕ್ಕಿ ಹಾಳು ಮಾಡ್ತೀಯಾ?” ಎಂದು ಎಲ್ಲರೆದುರು ಗದರಿದರಂತೆ.

“ಅದುಕ್ಕೆ ನಾನು ಒಂದು ತಟ್ಟೆಗೆ ಬಡಿಸ್ಕಂಡು ಬಂದು ಅವ್ರ ಮುಂದಿಟ್ಟೆ. ‘ಸಾ, ಅಕ್ಕಿ ಕಳ್ಸಿದ್ದು ನಾನಲ್ಲ. ಇಲ್ಲೇ ಕುಂತು ಒಂದು ತುತ್ತು ಉಣ್ಣಿ, ಆಮ್ಯಾಕೆ ಬರ್ಕಳಿ’ ಅಂದೆ. ಅಷ್ಟೇಯ. ಅವ್ರು ತಟ್ಟೆ ನೋಡುದ್ರು. ಉಣ್ನಿಲ್ಲ. ಎದ್ದು ಓದ್ರು.” ನೋಟಿಸಿನ ಮೇಲೆ ಬೆರಳಿಟ್ಟು ಕೇಳಿದರು: “ಅಕ್ಕೀಲಿ ಉಳ ಇತ್ತು ಅನ್ನೋದ್ನ ಇದ್ರಾಗೆ ಎಲ್ಲಿ ಬರ್ದವ್ರೆ, ತೋರ್ಸಿ?”

ಎಲ್ಲೂ ಬರೆದಿರಲಿಲ್ಲ. ಅಕ್ಕಿಯ ವಿಷಯ ನನಗೆ ಗೊತ್ತೇ ಇರಲಿಲ್ಲ, ಯಾಕೆಂದರೆ ನಾನು ಕೇಳಿರಲಿಲ್ಲ.

ಉತ್ತರವನ್ನು ಯಾರಾದರೂ ಬರೆದುಕೊಡಬೇಕಲ್ಲ, ನೀವೇ ಬರೆದುಕೊಡಿ ಎಂದರು. ನೋಟಿಸು ಬರೆದವಳೇ ಉತ್ತರವನ್ನೂ ಬರೆಯುವುದು ತಪ್ಪು. ಬರೆದವಳು ನಾನು ಎಂದು ಅವರಿಗೆ ಹೇಳುವ ಧೈರ್ಯವೂ ಬರಲಿಲ್ಲ. ಊಟದ ವಿರಾಮದಲ್ಲಿ ಆಫೀಸಿನ ಹಿಂದಿನ ಜಗುಲಿಗೆ ಕರೆದುಕೊಂಡು ಹೋಗಿ ಕೂರಿಸಿದೆ.

“ತಪ್ಪಾಯ್ತು, ಕ್ಷಮಿಸಿ ಅಂತ ಬರೆಯೋಣ ದ್ಯಾವಮ್ಮ. ಒಂದು ಎಚ್ಚರಿಕೆ ಕೊಟ್ಟು ಬಿಟ್ಬಿಡ್ತಾರೆ. ಕಾಯಂ ಪಟ್ಟೀಲಿ ನಿಮ್ಮ ಹೆಸರಿದೆ.”

“ತಪ್ಪಾಯ್ತು ಅಂತ ನಾ ಅನ್ನಾಕಿಲ್ಲ,” ಎಂದರು. ದನಿ ಏರಿಸಲಿಲ್ಲ. “ಆ ಮಕ್ಳು ನನ್ನೇ ನೋಡ್ತಾ ಇದ್ವು. ನಾನು ತಪ್ಪು ಅಂದ್ಬುಟ್ರೆ ಉಳದ ಅಕ್ಕಿ ಸರಿ ಅಂದಂಗಾಯ್ತದೆ. ನಡ್ದದ್ದು ನಡ್ದಂಗೆ ಬರೀರಿ. ಓದ್ರೆ ಓಗ್ಲಿ.”

ನಾನು ಸರಿ ಎಂದೆ. ಬರೆಯತೊಡಗಿದೆ. ಆದರೆ ಅವರು ಹೇಳಿದ್ದನ್ನು ಬರೆಯಲಿಲ್ಲ.

ಆಗ ನನ್ನ ತಲೆಯಲ್ಲಿ ಏನಿತ್ತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವರನ್ನು ಉಳಿಸಬೇಕೆಂದೇ ಇತ್ತು. ಕ್ಷಮೆ ಕೇಳಿದವರನ್ನು ನಮ್ಮ ಆಫೀಸಿನಲ್ಲಿ ಬಿಟ್ಟುಬಿಟ್ಟದ್ದನ್ನು ಐದಾರು ಪ್ರಕರಣಗಳಲ್ಲಿ ಕಂಡಿದ್ದೆ. ಅಕ್ಕಿಯ ಮಾತೆತ್ತಿದರೆ ಅಕ್ಕಿ ಕಳಿಸಿದವರು, ಅದನ್ನು ಒಪ್ಪಿಕೊಂಡವರು, ಸಾಹೇಬರು ಎಲ್ಲರೂ ಸಿಡಿದೇಳುತ್ತಾರೆ ಎಂಬುದೂ ಗೊತ್ತಿತ್ತು. ಈ ಹೆಂಗಸಿಗೆ ತಿಳಿಯುವುದಿಲ್ಲ, ನನಗೆ ತಿಳಿಯುತ್ತದೆ ಎಂದುಕೊಂಡೆ. ‘ನನ್ನಿಂದ ಉದ್ಧಟತನವಾಗಿರುವುದು ನಿಜ. ಅದಕ್ಕಾಗಿ ವಿಷಾದಿಸುತ್ತೇನೆ. ದಯಮಾಡಿ ಕ್ಷಮಿಸಬೇಕಾಗಿ ಪ್ರಾರ್ಥನೆ’ ಎಂದು ಬರೆದೆ. “ಎಲ್ಲ ಬರ್ದಾಯ್ತಾ?” ಎಂದು ಕೇಳಿದರು. “ಆಯ್ತು” ಎಂದೆ. ಓದಿ ಹೇಳಿ ಎಂದು ಅವರು ಕೇಳಲಿಲ್ಲ. ನಾಲಗೆಯ ತುದಿ ಕಚ್ಚಿಕೊಂಡು, ಒಂದೊಂದೇ ಅಕ್ಷರವಾಗಿ ಹೆಸರು ಬರೆದರು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡು, “ನಿಮ್ ಒಟ್ಟೆ ತಣ್ಣಗಿರ್ಲಿ ತಾಯಿ” ಎಂದರು.

ನಾನು ಕಡತ ಮಂಡಿಸಿದೆ. ಕ್ಷಮೆ ಕೋರಿರುವುದರಿಂದ ಎಚ್ಚರಿಕೆ ನೀಡಿ ಮುಕ್ತಾಯಗೊಳಿಸಬಹುದು ಎಂದು ಟಿಪ್ಪಣಿ ಬರೆದೆ. ಸಾಹೇಬರು ಎರಡು ದಿನ ಅದನ್ನು ತಮ್ಮಲ್ಲೇ ಇಟ್ಟುಕೊಂಡು ವಾಪಸು ಕಳಿಸಿದರು. ಕೆಳಗೆ ಅವರ ಕೈಬರಹ ಇತ್ತು: ‘ಆಪಾದನೆಯನ್ನು ಸ್ವತಃ ಒಪ್ಪಿಕೊಂಡಿರುವುದರಿಂದ ವಿಚಾರಣೆಯ ಅಗತ್ಯವಿರುವುದಿಲ್ಲ. ಕೆಲಸದಿಂದ ಬಿಡುಗಡೆಗೊಳಿಸಿ.’

ವಿಚಾರಣೆ ನಡೆದಿದ್ದರೆ ಆ ಹುಡುಗಿಯರನ್ನು ಕರೆದು ಕೇಳಬೇಕಾಗುತ್ತಿತ್ತು. ಅಕ್ಕಿಯ ಮೂಟೆ ಬಿಚ್ಚಬೇಕಾಗುತ್ತಿತ್ತು. ಎಲ್ಲವನ್ನೂ ತಪ್ಪಿಸುವ ಕಾಗದವನ್ನು ನಾನೇ ಒದಗಿಸಿಕೊಟ್ಟಿದ್ದೆ. ನಾನು ಒಳಗೆ ಹೋಗಿ, “ಸಾರ್, ಆ ಅಕ್ಕಿ…” ಎಂದೆ. ಅವರು ತಲೆ ಎತ್ತದೆ, “ಅವಳ ಉತ್ತರದಲ್ಲಿ ಅಕ್ಕಿ ವಿಷಯ ಇದೆಯೇನಮ್ಮ?” ಎಂದರು. ಇಲ್ಲ ಎಂದೆ. ಬಿಡುಗಡೆಯ ಆದೇಶವನ್ನೂ ನಾನೇ ಟೈಪ್ ಮಾಡಿದೆ. ಕಾಯಂ ಪಟ್ಟಿಯಿಂದ ಅವರ ಹೆಸರನ್ನು ನಾನೇ ಹೊಡೆದುಹಾಕಿದೆ. ಆ ತಿಂಗಳೆಲ್ಲ ಹುಳದ ಅಕ್ಕಿಯೇ ಆ ಹಾಸ್ಟೆಲಿಗೆ ಹೋಯಿತು ಎಂದು ಆಮೇಲೆ ಜೀಪಿನ ಡ್ರೈವರ್ ಹೇಳಿದ.

ದ್ಯಾವಮ್ಮ ಮತ್ತೆ ಆಫೀಸಿಗೆ ಬರಲಿಲ್ಲ. ಬಂದಿದ್ದರೆ ಎದುರಿಸಲು ನನ್ನಿಂದ ಆಗುತ್ತಿರಲಿಲ್ಲ.

ಹಾಸನಕ್ಕೆ ಬರುವ ಹೊತ್ತಿಗೆ ಟೈಪ್‌ರೈಟರು ಹೋಗಿ ಕಂಪ್ಯೂಟರು ಬಂದಿತ್ತು. ಹೊಸಬರಿಗೆ ಇದು ನಂಬಿಕೆಯಾಗಲಿಕ್ಕಿಲ್ಲ, ಮೊದಲು ಒಂದು ನೋಟಿಸು ಬರೆಯುವುದೆಂದರೆ ಎಷ್ಟೋ ಸಲ ಅರ್ಧ ದಿನದ ಕೆಲಸ. ತಪ್ಪಾದರೆ ಕಾರ್ಬನ್ ಸಮೇತ ಹಾಳೆ ಎಸೆದು ಮತ್ತೆ ಮೊದಲಿಂದ. ಆ ಅರ್ಧ ದಿನದಲ್ಲಿ ಕೋಪ ಇಳಿದು ಎಷ್ಟೋ ನೋಟಿಸುಗಳು ಹುಟ್ಟುತ್ತಲೇ ಇರಲಿಲ್ಲ. ಕಂಪ್ಯೂಟರಿನಲ್ಲಿ ನಮೂನೆ ಸಿದ್ಧವಿರುತ್ತದೆ. ಹೆಸರು ತುಂಬಿಸಿದರೆ ಮುಗಿಯಿತು. ಅಲ್ಲಿ ಸೇರಿದ ಮೊದಲ ವಾರ, ಒಬ್ಬ ಕಾವಲುಗಾರನಿಗೆ ಕಳಿಸುವ ನೋಟಿಸನ್ನು ಕಿರಿಯ ಸಹೋದ್ಯೋಗಿಯೊಬ್ಬಳು ನನ್ನ ಮುಂದಿಟ್ಟಳು. ‘ಸ್ಥಾನಮಾನದ ಪರಿವೆಯಿಲ್ಲದೆ ಉದ್ಧಟತನದಿಂದ ವರ್ತಿಸಿ ಕಚೇರಿಯ ಘನತೆಗೆ ಧಕ್ಕೆ ತಂದಿರುತ್ತೀರಿ.’

“ಈ ಸಾಲು ಎಲ್ಲಿ ಸಿಕ್ತು ನಿಂಗೆ?”

“ನಮೂನೆಯಲ್ಲೇ ಇದೆ ಮೇಡಂ. ಎಲ್ಲರಿಗೂ ಇದನ್ನೇ ಹಾಕೋದು. ಚೆನ್ನಾಗಿದೆ ಅಲ್ವಾ?”

ಅರಕಲಗೂಡಿನ ಕಡತದಿಂದ ಯಾರೋ ಇಳಿಸಿಕೊಂಡು, ಅವರಿಂದ ಇನ್ಯಾರೋ ಪಡೆದುಕೊಂಡು, ನನಗಿಂತ ಮುಂಚೆ ಅದು ಹಾಸನಕ್ಕೆ ಬಂದು ಕೂತಿತ್ತು. ಎಷ್ಟು ಜನರಿಗೆ ಹೋಗಿತ್ತೋ. ನೀರು ಕುಡಿದು, ಆ ಕಾವಲುಗಾರ ಏನಂದ ಎಂದು ವಿಚಾರಿಸಿಕೊಂಡು ಬಾ ಎಂದೆ. ಆಗಿನ ಅಧಿಕಾರಿಣಿಗೆ ಅವನು ಅಂದದ್ದು ಇಷ್ಟು: “ನಿಮ್ಮ ಮನೆ ಸಾಮಾನು ಇಳ್ಸದು ನನ್ನ ಕೆಲ್ಸ ಅಲ್ಲ ಮೇಡಂ.” ಅದನ್ನೇ ನೋಟಿಸಿನಲ್ಲಿ ಹಾಕು, ಈ ಮಾತಿಗೆ ಕಾರಣ ಕೇಳಲಾಗಿದೆ ಎಂದು ಬರೆ ಎಂದೆ. ಅಧಿಕಾರಿಣಿ ನನ್ನನ್ನು ಒಳಗೆ ಕರೆಸಿಕೊಂಡರು.

“ಇದನ್ನೆಲ್ಲಾ ಬರೆದ್ರೆ ನಾವೇ ನಗೆಪಾಟಲಾಗ್ತೀವಿ ಗಿರಿಜಮ್ಮ.”

“ಹಾಗಾದ್ರೆ ನೋಟಿಸು ಬೇಡ ಮೇಡಂ.”

ಅವರಿಗೆ ಕೋಪ ಬಂತು. ಆದರೆ ನೋಟಿಸು ಹೋಗಲಿಲ್ಲ. ಅಲ್ಲಿಂದ ನಿವೃತ್ತಳಾಗುವವರೆಗೆ ಅದೇ ಹಟ ಹಿಡಿದೆ. ಆಡಿದ ಮಾತನ್ನು ಯಥಾವತ್ತಾಗಿ ಬರೆಯದೆ ಆ ಪದವನ್ನು ಬರೆಯಲು ನಾನು ಬಿಡಲಿಲ್ಲ. ಮಾತು ಬರೆದ ಮೇಲೆ ಪದದ ಅಗತ್ಯ ಬಹಳ ಸಲ ಬೀಳುತ್ತಿರಲಿಲ್ಲ. ಕೆಲವು ಸಲ ಬೀಳುತ್ತಿತ್ತು. ಕುಡಿದು ಬಂದು ಅಡುಗೆಯ ಹೆಂಗಸರ ಮೇಲೆ ಕೈ ಮಾಡಲು ಹೋದವನಿಗೆ ಧಾರಾಳವಾಗಿ ಬರೆದೆ. ಇದರಿಂದ ನನ್ನ ಮನಸ್ಸು ಹಗುರವಾಯಿತೆಂದು ಯಾರೂ ತಿಳಿಯಬೇಡಿ. ನಾನು ಸರಿಯಾಗಿದ್ದು ಬೇರೆಯವರ ವಿಷಯದಲ್ಲಿ.

ನಿವೃತ್ತಿಯಾಗಿ ಎರಡು ವರ್ಷವಾದ ಮೇಲೆ ಒಬ್ಬ ನೆಂಟರ ಗೃಹಪ್ರವೇಶಕ್ಕೆಂದು ಹಿರೀಸಾವೆಯ ಕಡೆ ಹೋಗಿದ್ದೆ. ಮುಗಿಸಿಕೊಂಡು ಹಾಸನದ ಬಸ್ಸಿಗೆ ಕಾಯುತ್ತ, ಹೆದ್ದಾರಿಯ ಪಕ್ಕದ ಒಂದು ಸಣ್ಣ ಹೋಟೆಲಿಗೆ ಕಾಫಿಗೆ ಹೊಕ್ಕೆ. ಗಲ್ಲಾದ ಮುಂದೆ ಕೂತಿದ್ದ ಹೆಂಗಸಿಗೆ ಒಳಗಿನಿಂದ ಯಾರೋ ಹಿಟ್ಟಿನ ಲೆಕ್ಕ ಕೂಗಿ ಹೇಳುತ್ತಿದ್ದರು. ಆ ದನಿ ಗೊತ್ತಿತ್ತು, ದ್ಯಾವಮ್ಮನದು. ನಾನು ಎದ್ದು ಹೋಗಿಬಿಡಬಹುದಿತ್ತು. ಅಷ್ಟರಲ್ಲಿ ಅವರೇ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಗಳಿಗೆ ನೋಡಿದರು.

“ಅರಕಲಗೂಡಿನ ಅಮ್ಮಾವ್ರಲ್ವಾ!” ಎಂದು ಕೈ ಹಿಡಿದುಕೊಂಡರು. ಗಲ್ಲಾದಲ್ಲಿದ್ದ ಸೊಸೆಯನ್ನು ಕೂಗಿದರು. “ನೋಡವ್ವ, ನಾ ಏಳ್ತಿರ್ನಿಲ್ವಾ, ಉಳದ ಅಕ್ಕಿ ಕಾಗ್ದ ಬರ್ಕೊಟ್ಟೋರು, ಇವ್ರೇಯ. ಎಲ್ಲಾರು ಎದ್ರಿಕೊಂಡಾಗ ಇವ್ರೊಬ್ರೇ ನಡ್ದದ್ದು ನಡ್ದಂಗೆ ಬರ್ದೋರು.”

ಸೊಸೆ ಎದ್ದು ನಿಂತು ನಗುತ್ತಾ, “ನಮ್ಮತ್ತೆ ಈ ಕತೆ ಏಳ್ದೇ ಇರೋ ದಿನ ಇಲ್ಲ ಮೇಡಂ” ಎಂದಳು. “ಸಾಯೇಬ್ರ ಮುಂದೆ ತಟ್ಟೆ ಇಟ್ಟದ್ದು, ಕೆಲ್ಸ ಓದ್ರೂ ತಪ್ಪಾಯ್ತು ಅನ್ದೆ ಇದ್ದದ್ದು. ಇಲ್ಲಿಗೆ ಬರೋ ಡ್ರೈವರ್‌ಗಳಿಗೆಲ್ಲ ಗೊತ್ತು.”

ಕಾಫಿ ಬಂತು. ಕುಡಿಯಲಾಗಲಿಲ್ಲ. ಕೈತೊಳೆಯುವ ನೆಪದಲ್ಲಿ ಹಿತ್ತಿಲ ಕಡೆ ಹೋದೆ. ದ್ಯಾವಮ್ಮ ನೀರು ಕೊಡಲು ಹಿಂದೆಯೇ ಬಂದರು. ಅಲ್ಲಿ, ತೊಳೆಯಲು ಪೇರಿಸಿಟ್ಟಿದ್ದ ಪಾತ್ರೆಗಳ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ನೋಟಿಸು ಬರೆದವಳು ನಾನೇ ಎಂದು ಹೇಳಿದೆ. ಉತ್ತರದಲ್ಲಿ ತಪ್ಪಾಯ್ತು ಎಂದು ಬರೆದದ್ದನ್ನು ಹೇಳಿದೆ. ಅಕ್ಕಿಯ ಮಾತು ಅದರಲ್ಲಿ ಇರಲೇ ಇಲ್ಲ ಎಂದೆ. ನಿಮ್ಮ ಕೆಲಸ ಉಳಿಯಲಿ ಎಂದು ಹಾಗೆ ಮಾಡಿದೆ ಎಂದು ಹೇಳುವಾಗ ನನಗೇ ನಾಚಿಕೆಯಾಯಿತು.

ಅವರು ನೀರಿನ ಚೊಂಬನ್ನು ಕೆಳಗಿಟ್ಟರು. ನನ್ನ ದನಿ ಏರಿತ್ತೆಂದು ಕಾಣುತ್ತದೆ.

“ಮೆತ್ತಗೆ ಮಾತಾಡಿ,” ಎಂದರು. “ಸೊಸೆ ಒಳಗವ್ಳೆ.”

ಅವರಿಗೆ ಉಳಿದಿದ್ದದ್ದು ಆ ಒಂದು ಮಾತು. ಕೆಲಸ ಹೋಯಿತು, ಕಾಯಂ ಆಗಲಿಲ್ಲ, ಪಿಂಚಣಿ ಇಲ್ಲ, ಅರವತ್ತು ದಾಟಿದ ಮೇಲೂ ಹಿಟ್ಟು ನಾದಬೇಕು. ತಪ್ಪಾಯ್ತು ಅನ್ನಲಿಲ್ಲ ಎಂಬುದೊಂದು ಅವರ ಪಾಲಿಗಿತ್ತು. ನನ್ನ ಮನಸ್ಸಿನ ಭಾರ ಇಳಿಸಿಕೊಳ್ಳಲು ಅದನ್ನೂ ಕಿತ್ತುಕೊಂಡೆ. ಚೀಲ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ರಸ್ತೆ ದಾಟಿ ಬಸ್ಸು ನಿಲ್ಲುವ ಜಾಗಕ್ಕೆ ಬಂದು ಕೂತೆ.

ಒಂದು ಬಸ್ಸು ಬಂದು ಹೋಯಿತು. ನನಗೆ ಏಳಲಾಗಲಿಲ್ಲ. ನೋಡುತ್ತೇನೆ, ದ್ಯಾವಮ್ಮ ರಸ್ತೆ ದಾಟಿ ಬರುತ್ತಿದ್ದಾರೆ. ಬಂದು ಪಕ್ಕದಲ್ಲಿ ಕೂತರು. ಅದುವರೆಗೆ ನೀವು ಎನ್ನುತ್ತಿದ್ದವರು ಈಗ ನೀನು ಎಂದರು.

“ಕಾಗ್ದ ಅದಾ ನಿನ್ ತಾವ? ಈಗ ಬರಿ. ನಾ ಏಳ್ದಂಗೆ ಬರಿ.”

ಚೀಲದಲ್ಲಿ ಒಂದು ನೋಟುಪುಸ್ತಕವಿತ್ತು. ಅವರು ನಿಧಾನವಾಗಿ ಹೇಳಿದರು. ಅಕ್ಕಿಯಲ್ಲಿ ಹುಳ ಇತ್ತು. ಇಬ್ಬರು ಮಕ್ಕಳಿಗೆ ವಾಂತಿಯಾಯಿತು. ಸಾಹೇಬರಿಗೆ ಉಣ್ಣಿ ಅಂದೆ, ಅಂದದ್ದು ದಿಟ. ಅವರು ಉಣ್ಣಲಿಲ್ಲ. ತಪ್ಪಾಯ್ತು ಎಂದು ನಾನು ಅನ್ನಲಿಲ್ಲ. ಕಾಗದ ಬರೆದವರು ನನಗೆ ಹೇಳದೆ ಹಾಗೆ ಬರೆದರು. ನಾನು ಒಂದೂ ದೊಡ್ಡ ಪದ ಸೇರಿಸದೆ ಬರೆದೆ.

“ಕೊಡು ಇಲ್ಲಿ.”

ಹಾಳೆಯನ್ನು ತೆಗೆದುಕೊಂಡು ಆಚೆ ಬದಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಒಬ್ಬ ನರ್ಸಮ್ಮನ ಬಳಿಗೆ ಹೋದರು. “ಅವ್ವಾ, ಇದ್ರಾಗೆ ಏನದೆ ಅಂತ ಗಟ್ಟಿಯಾಗಿ ಓದು” ಎಂದರು. ಆಕೆಗೆ ಏನೂ ಅರ್ಥವಾಗದಿದ್ದರೂ ಮೊದಲಿಂದ ಕೊನೆಯವರೆಗೆ ಓದಿದಳು. ದ್ಯಾವಮ್ಮ ಪ್ರತಿ ಸಾಲಿಗೂ ತಲೆಯಾಡಿಸಿದರು. ವಾಪಸು ಬಂದು ನನ್ನ ಪೆನ್ನು ಇಸಿದುಕೊಂಡು ಕೆಳಗೆ ತಮ್ಮ ಹೆಸರು ಬರೆದರು.

“ನಾನು ಆಫೀಸಿಗೆ ಕೊಟ್ಟು ಮೊಹರು ಹಾಕಿಸ್ಕೊಂಡು ಬರ್ತೀನಿ ದ್ಯಾವಮ್ಮ. ಕಡತಕ್ಕೆ ಸೇರಲಿ.”

“ನಿಮ್ ಆಪೀಸು ಓದದು ನಂಗೆ ಬ್ಯಾಡ. ಸೊಸೆ ಓದ್ಲಿ, ಸಾಕು.” ಹಾಳೆಯನ್ನು ಮತ್ತೆ ನನ್ನ ಮಡಿಲಿಗಿಟ್ಟು ತೋರುಬೆರಳಿಂದ ಒತ್ತಿದರು. “ಬರ್ದೋರು ಅಂತ ಸುಮ್ಕೆ ಇದ್ರೆ ಯಾರು ಅಂತ ಅವ್ಳಿಗೆ ಹೆಂಗೆ ತಿಳೀಬೇಕು? ನಿನ್ ಎಸ್ರು ಬರಿ. ರುಜು ಆಕು.”

ಮೂವತ್ತನಾಲ್ಕು ವರ್ಷ ನಾನು ಬರೆದದ್ದಕ್ಕೆಲ್ಲ ಬೇರೆಯವರೇ ರುಜು ಹಾಕಿದ್ದರು. ದ್ಯಾವಮ್ಮನ ಹೆಸರಿನ ಪಕ್ಕದಲ್ಲಿ ನನ್ನ ಪೂರ್ತಿ ಹೆಸರು ಬರೆದು ರುಜು ಹಾಕಿದೆ.